ಥಂಡಿ ಹಿಡಿದ ರಾಡು

ಟಿವಿಯಲ್ಲಿ ರಾಕೆಟ್ ಹಾರುವುದನ್ನು ನೋಡುವವರಿಗೆ ಅದರ ಪಕ್ಕದ ಉಕ್ಕಿನ ಗೋಪುರ ಕಣ್ಣಿಗೆ ಬೀಳುವುದಿಲ್ಲ. ಹಾರುವ ಮುನ್ನ ಕೆಲಸಗಾರರು ಹತ್ತಿ ಇಳಿಯುವುದು, ರಾಕೆಟ್ಟಿನ ಮೈ ತಡವಿ ಪರೀಕ್ಷಿಸುವುದು ಅದರ ಮೇಲೆ ನಿಂತೇ. ಅಂಥ ಗೋಪುರವೊಂದರ ಕೆಲವು ತೊಲೆಗಳು ಕಿತ್ತೂರಿನ ಹತ್ತಿರದ ನಮ್ಮ ಶೆಡ್ಡಿನಲ್ಲಿ ತಯಾರಾದವು. ಬೆಸುಗೆಗಳ ತಪಾಸಣೆ ನನ್ನ ಕೆಲಸ. ಬೈಲಹೊಂಗಲದಿಂದ ದಿನಾ ಬಸ್ಸಿಗೆ ಹೋಗುತ್ತಿದ್ದೆ.

ಮಳೆಗಾಲದ ಒಂದು ಬೆಳಿಗ್ಗೆ ಕೂಡಿಕೆಯೊಂದಕ್ಕೆ ಕೆಂಪು ಬಣ್ಣ ಸಿಂಪಡಿಸಿ, ಒರೆಸಿ, ಮೇಲೆ ಬಿಳಿ ಬಣ್ಣ ಹೊಡೆದೆ. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ಬಿರುಕಿಗೆ ಇಳಿದ ಕೆಂಪು ಹೀಗೆ ಹೊರಗೆ ಬರುತ್ತದೆ. ಬೆಸುಗೆ ಸೀಳಿತ್ತು.

ಬೆಸುಗೆ ಹಾಕಿದವರು ಕಟಕೋಳದ ಹಿರಿಯ ವೆಲ್ಡರ್. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಅವರು ಬಗ್ಗಿ ನೋಡಿದರು. "ನಾ ಹೇಳಿದ್ನಲ್ಲ ತಂಗಿ. ರಾಡಿಗೆ ಥಂಡಿ ಹಿಡದೈತಿ, ಓವನ್ ರಿಪೇರಿ ಮಾಡಸ್ರಿ ಅಂತ ಸಾಹೇಬ್ರಿಗೆ ಎಷ್ಟ ಸಲ ಹೇಳೇನಿ."

ಬೆಸುಗೆಯ ರಾಡುಗಳನ್ನು ಓವನ್ನಿನಲ್ಲಿ ಕಾಯಿಸಿ ತೇವ ತೆಗೆಯಬೇಕು. ಇಲ್ಲದಿದ್ದರೆ ಬೆಸುಗೆ ತಣಿದ ಮೇಲೆ ಒಳಗಿಂದ ಸೀಳುತ್ತದೆ. ನಮ್ಮ ಓವನ್ ಕೆಟ್ಟು ವಾರಗಳಾಗಿದ್ದವು.

ಮ್ಯಾನೇಜರ್ ಬಂದವರೇ, "ಗ್ರೈಂಡರ್ ಹೊಡಸಿ ಪೇಂಟ್ ಹಚ್ಚರಿ. ಲಾರಿ ನಿಂತೈತಿ," ಎಂದರು.

"ಇದರ ಮ್ಯಾಲೆ ಮಂದಿ ನಿಂದರತಾರ್ರಿ ಸರ್. ನಾ ಸಹಿ ಮಾಡಂಗಿಲ್ಲ."

"ಹಂಗಾರ ಮುದುಕನ ಕಣ್ಣ ಹೋಗ್ಯಾವ ಅಂತ ಬರೀರಿ. ನಾಳಿಂದ ಅಂವ ಬ್ಯಾಡ."

ಕಾಕಾ ಅಲ್ಲೇ ನಿಂತಿದ್ದರು. ಕೈಗವಸು ಕಳಚಿ ಟೇಬಲ್ಲಿನ ಮೇಲಿಟ್ಟು ಹೊರಟುಹೋದರು. ವರದಿಯಲ್ಲಿ ಕೆಟ್ಟ ಓವನ್ನಿನ ವಿಷಯ ಬರೆದೆ. ಮ್ಯಾನೇಜರ್ ಹರಿದು ಹಾಕಿದರು. ಮತ್ತೆ ಬರೆದೆ, ಈ ಸಲ ತೊಲೆ ಮಾಡಿಸುತ್ತಿದ್ದವರ ಇನ್ಸ್‌ಪೆಕ್ಟರಿಗೂ ಒಂದು ಪ್ರತಿ ಕಳಿಸಿದೆ.

ಅವರು ಬಂದು ಕೂಡಿಕೆಯನ್ನು ಕತ್ತರಿಸಿ ಹಾಕಿಸಿದರು. ಹೊಸ ಓವನ್ ಬರುವವರೆಗೆ ಕೆಲಸ ನಿಲ್ಲಿಸಿದರು. ಅಷ್ಟು ದಪ್ಪ ಉಕ್ಕಿನ ಬೆಸುಗೆಯ ಪರೀಕ್ಷೆ ಪಾಸಾಗಿದ್ದವರು ನಮ್ಮಲ್ಲಿ ಕಾಕಾ ಒಬ್ಬರೇ. ಅವರನ್ನು ಕರೆತರಲು ಮ್ಯಾನೇಜರ್ ತಾವು ಹೋಗಲಿಲ್ಲ, ನನ್ನನ್ನು ಕಳಿಸಿದರು.

ಕಾಕಾ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಓವನ್ ಬಂದೈತೇನ?"

"ಬಂದೈತ್ರಿ ಕಾಕಾ."

"ಸಾಹೇಬ್ರು ಏನರ ಅಂದ್ರ?"

"ಏನೂ ಅನ್ನಲಿಲ್ರಿ."

ಶೇಂಗಾದ ಬುಟ್ಟಿ ಬದಿಗೆ ಸರಿಸಿ, "ಕೆಲಸ ಅರ್ಧಕ್ಕ ಬಿಡೂದ ಚಲೋ ಅಲ್ಲ. ನಡಿ," ಎಂದು ಎದ್ದರು.

ಅವರು ಹೊಸದಾಗಿ ಹಾಕಿದ ಬೆಸುಗೆಯಲ್ಲಿ ಒಂದು ಗೆರೆಯೂ ಮೂಡಲಿಲ್ಲ. ತೊಲೆಗಳು ಹೋದವು. ಆದರೆ ಕಂಪನಿಯ ರಿಜಿಸ್ಟರಿನಲ್ಲಿ ಆ ಬಿರುಕಿನ ಕಾರಣವೆಂದು ಇವತ್ತಿಗೂ ಇರುವುದು ಮ್ಯಾನೇಜರ್ ಬರೆದ 'ವೆಲ್ಡರನ ನಿರ್ಲಕ್ಷ್ಯ' ಎಂಬುದೇ. ತಿದ್ದಿಸಿ ಎಂದು ಅರ್ಜಿಯ ಮೇಲೆ ಅರ್ಜಿ ಕೊಡುತ್ತಿದ್ದೇನೆ. "ಆಗಿದ್ದ ಆಗಿ ಹೋತಲ್ರಿ ಮೇಡಮ್ಮಾರ," ಎಂದು ಮ್ಯಾನೇಜರ್ ನಗುತ್ತಾರೆ. ಕಾಕಾಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.