ಏ ಚೇತ್ತೋ?

ಕಿರ್... ಕಿರ್... ಫಿಸಿಯೋಥೆರಪಿ ರೂಮಿನಲ್ಲಿ ನಾನು ಹಗ್ಗ ಎಳೆದಾಗಲೆಲ್ಲ ತಲೆಯ ಮೇಲಿನ ರಾಟೆ ನರಳುತ್ತದೆ. ಈ ಸದ್ದು ನಾನು ಮೊದಲು ಕೇಳಿದ್ದು ಕಾನ್ವೆಂಟಿಗೆ ಹೋಗುತ್ತಿದ್ದಾಗ, ಕೋಲಾರದ ಆಸ್ಪತ್ರೆಯೊಂದರ ವರಾಂಡದಲ್ಲಿ. ಆಗಿನ್ನೂ ಎರಡನೇ ಮಹಾಯುದ್ಧ ಮುಗಿದಿರಲಿಲ್ಲ.

ಹಗ್ಗ ಎಳೆಯುತ್ತಿದ್ದವರು ಪಕ್ಕದ ಮನೆಯ ಅಕ್ಕ. ಶ್ರೀನಿವಾಸಪುರಕ್ಕೆ ಕೊಟ್ಟಿದ್ದರು. ಜ್ವರ ಬಂದು ಬಲಗೈ ಬಿದ್ದುಹೋದ ಮೇಲೆ ತವರಿಗೆ ಕಳಿಸಿದ್ದರು, ವಾಸಿಯಾದರೆ ಕರೆದುಕೊಂಡು ಹೋಗುತ್ತೇವೆಂದು. ಮಸಾಜ್ ಮಾಡುವ ಬಿಳಿ ಮಿಸ್ಸಮ್ಮ ಎಡಗೈಗೇ ಎಲ್ಲ ಕೆಲಸ ಕಲಿಸಿದರು. ಕೊನೆಗೆ ಇಂಗ್ಲಿಷಿನಲ್ಲಿ ಒಂದು ರಿಪೋರ್ಟ್ ಬರೆದುಕೊಟ್ಟರು. ಎಷ್ಟು ಹೆಮ್ಮೆ ಅವರಿಗೆ!

ಅಕ್ಕನ ಅತ್ತೆ, ಗಂಡ ಬಂದ ದಿನ ಅದನ್ನು ಓದಿ ಹೇಳಲು ನನ್ನನ್ನು ಕೂರಿಸಿದರು. ತಾನೇ ತಲೆ ಬಾಚಿಕೊಳ್ಳುತ್ತಾಳೆ, ಒಲೆ ಹಚ್ಚುತ್ತಾಳೆ, ಊಟ ಮಾಡುತ್ತಾಳೆ, ಬಡಿಸುತ್ತಾಳೆ...

“ಏ ಚೇತ್ತೋ?” ಅಂದರು ಅತ್ತೆ, ತೆಲುಗಿನಲ್ಲಿ. ಯಾವ ಕೈಲಿ?

ಮುಂದಿನ ಸಾಲಿನಲ್ಲೇ ಇತ್ತು: ‘ವಿತ್ ಲೆಫ್ಟ್ ಹ್ಯಾಂಡ್, ವೆರಿ ನೀಟ್‌ಲಿ.’ ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಅಕ್ಕ ಹೇಳಿದರು, “ಎಡಗೈಲಿ, ಅತ್ತೆ.”

“ಎಲೆ ಮುಂದೆ ಎಡಗೈ ಚಾಚಿದ್ರೆ ನಮ್ಮನೆ ಗಂಡಸ್ರು ಎದ್ದೇ ಹೋಗ್ತಾರಮ್ಮ. ಇನ್ನೊಂಚೂರು ವಾಸಿಯಾಗ್ಲಿ, ಬರ್ತೀವಿ.” ಬೈಗುಳವಿಲ್ಲ, ಜಗಳವಿಲ್ಲ. ಕಾಫಿ ಕುಡಿದು ಎದ್ದರು. ಗಂಡ ಆಗಲೇ ಚಪ್ಪಲಿ ಮೆಟ್ಟಿದ್ದರು.

ಮಿಸ್ಸಮ್ಮನಿಗೆ ಹೇಳಿದರೆ ಅವರಿಗೆ ಅರ್ಥವೇ ಆಗಲಿಲ್ಲ. “ಬಟ್ ಶೀ ಈಸ್ ಸೋ ನೀಟ್,” ಎನ್ನುತ್ತಲೇ ಇದ್ದರು, ಪಾಪ.

ಅಕ್ಕ ಮತ್ತೆ ಹಗ್ಗ ಹಿಡಿದರು. ಬಲಗೈ ಬರಲಿಲ್ಲ... ಶ್ರೀನಿವಾಸಪುರದಿಂದ ಬಂದದ್ದು ಗಂಡನ ಎರಡನೇ ಮದುವೆಯ ಸುದ್ದಿ.

ಇವತ್ತು ಥೆರಪಿಸ್ಟ್ ಹುಡುಗಿ ನನ್ನ ರಿಪೋರ್ಟಿನಲ್ಲಿ ‘ಇಂಡಿಪೆಂಡೆಂಟ್’ ಎಂದು ಟೈಪ್ ಮಾಡಿದಳು. ಯಾವ ಕೈ ಎಂದು ಯಾರೂ ಕೇಳಲಿಲ್ಲ. ಅಕ್ಕ ಇದ್ದಿದ್ದರೆ ತೋರಿಸುತ್ತಿದ್ದೆ. ಎಲ್ಲಿದ್ದರೋ, ಯಾವಾಗ ಹೋದರೋ, ತಿಳಿಯಲೇ ಇಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಬಸ್ ಸ್ಟ್ಯಾಂಡಿನಲ್ಲಿ. ಅವರ ಅಣ್ಣ ಮಾಲೂರಿಗೆ ಕರೆದುಕೊಂಡು ಹೊರಟಿದ್ದ. ನಾನು ಬಗ್ಗಿ ಕಾಲು ಮುಟ್ಟಿದೆ. ಅಕ್ಕನ ಎಡಗೈ ಮೇಲೆದ್ದು, ಅರ್ಧಕ್ಕೇ ನಿಂತಿತು.

“ಇರು ಕಣೇ, ಈ ಕೈಲಿ ಹರಸಬಾರ್ದು,” ಎಂದರು.

ಎಡಗೈಯಿಂದ ಬಲಗೈಯನ್ನು ಎತ್ತಿ ನನ್ನ ತಲೆಯ ಮೇಲಿಟ್ಟರು. ತಣ್ಣಗಿತ್ತು. ತುಂಬ ಭಾರವಿತ್ತು.