ಗೌರಕ್ಕನಿಗೆಂದು ಬರೆದ ಬ್ಲಾಗು

ಇವತ್ತು ಒಲೆಯ ಮೇಲೆ ಪುಂಡಿಪಲ್ಯ ಕುದಿಯುತ್ತಿತ್ತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬಟ್ಟಲಿಗೆ ಒಂದಿಷ್ಟು ಹಾಕಿಕೊಂಡು ಗೋಡೆಯ ಕಡೆ ತಿರುಗಿದೆ. ಬನಹಟ್ಟಿಯ ನಮ್ಮ ಮನೆಯ ಆ ಗೋಡೆಯಲ್ಲಿ ಇರುವುದು ಸ್ವಿಚ್ ಬೋರ್ಡು ಮಾತ್ರ. ನಗಬೇಡಿ, ನಿಮಗೂ ವಯಸ್ಸಾಗುತ್ತದೆ.

ನನ್ನ ತವರು ಬೀಳಗಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿ. ಈಗ ಅದು ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಅಲ್ಲಿ ನಮ್ಮ ಮನೆಗೂ ಗೌರಕ್ಕನ ಮನೆಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಕಿಂಡಿ. ಆ ಕಿಂಡಿಯಲ್ಲಿ ಕೆಂಡ, ಹೆಪ್ಪು, ಪಲ್ಯ, ಜಗಳ ಎಲ್ಲವೂ ಹಾದುಹೋಗುತ್ತಿದ್ದವು. ಗೌರಕ್ಕ ನನಗಿಂತ ಸಾಕಷ್ಟು ದೊಡ್ಡವಳು. ನಾನು ಬಟ್ಟಲು ದಾಟಿಸುವ ಮೊದಲೇ ಆ ಕಡೆಯಿಂದ ಪ್ರಶ್ನೆ ಬರುತ್ತಿತ್ತು: "ನುಚ್ಚ ಹಾಕೀಯೋ ಇಲ್ಲೋ ಬೇ? ಹ್ವಾದ ಸಲ ಬರೇ ನೀರ ಇತ್ತು."

ಅಣೆಕಟ್ಟಿಗಾಗಿ ಊರು ಎಬ್ಬಿಸಿದಾಗ ಗೌರಕ್ಕನ ಮನೆಯವರಿಗೆ ಒಂದು ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಿತು, ನಮ್ಮವರಿಗೆ ಇನ್ನೊಂದರಲ್ಲಿ. ಆಮೇಲೆ ನಾನು ಮದುವೆಯಾಗಿ ಬನಹಟ್ಟಿಯ ಮಗ್ಗದ ಮನೆಗೆ ಬಂದೆ. ಗೌರಕ್ಕನ ಜೊತೆ ಮಾತು ಅಲ್ಲಿಗೇ ನಿಂತಿತು.

ವರ್ಷಗಳ ನಂತರ ಮನೆಯವರು ಬಟ್ಟೆ ವ್ಯಾಪಾರಕ್ಕೆಂದು ಕಂಪ್ಯೂಟರ್ ತಂದರು. ಮಧ್ಯಾಹ್ನ ಅದು ಖಾಲಿ ಇರುತ್ತಿತ್ತು, ನಾನೂ. ಕನ್ನಡ ಟೈಪಿಂಗ್ ಕಲಿತು ಬ್ಲಾಗು ಶುರು ಮಾಡಿದೆ. ಮೊದಲ ಬರಹದ ಹೆಸರು 'ಉತ್ತರ ಕರ್ನಾಟಕದ ಆಹಾರ ಪರಂಪರೆ: ಒಂದು ಅವಲೋಕನ'. ಬರೆದ ನನಗೇ ನಿದ್ದೆ ಬರುತ್ತಿತ್ತು. ಮನೆಯವರು ಕಣ್ಣಾಡಿಸಿ, "ಇದನ್ನ ಯಾರಿಗಿ ಬರದೀ? ಡಿ.ಸಿ. ಸಾಹೇಬ್ರಿಗೇನು?" ಎಂದರು.

ಸಿಟ್ಟು ಬಂತು. ಆದರೆ ಯಾರಿಗೆ ಎಂದು ಕೇಳಿಕೊಂಡಾಗ ಕಣ್ಣ ಮುಂದೆ ಬಂದವಳು ಗೌರಕ್ಕ. ಅಂದಿನಿಂದ ಅವಳ ಹೆಸರು ಹಿಡಿದೇ ಬರೆದೆ. ಅವಳು ಮೂಗು ಮುರಿಯುವಂಥ ಶಬ್ದಗಳನ್ನು ಅಳಿಸಿದೆ. ಅವಳು ನಗುವ ಜಾಗದಲ್ಲಿ ಒಂದು ಗಳಿಗೆ ನಿಂತೆ. ಓದುವವರು ಹೆಚ್ಚಿದರು, ಎಲ್ಲೆಲ್ಲಿಂದಲೋ ಮೆಚ್ಚುಗೆ ಬಂತು. ನನಗೆ ಮಾತ್ರ ಗೌರಕ್ಕನಿಗೆ ಇದು ಮುಟ್ಟಬೇಕು, ಅವಳು ಒಮ್ಮೆ ಬಾಯಿತುಂಬ ಬೈಯಬೇಕು ಎಂಬ ಒಂದೇ ಆಸೆ. ಅವಳ ಊರಿಗೆ ಜಮಖಂಡಿಯಿಂದ ಬಸ್ಸಿತ್ತು. ಆದರೆ ಬಸ್ಸು ಹತ್ತುವುದಕ್ಕಿಂತ ಬರೆಯುವುದು ಸುಲಭ ನೋಡಿ.

ಕಡೆಗೂ ಮುಟ್ಟಿತು. ಸಾಲೆಯಲ್ಲಿ ಕಲಿಸುವ ಅವಳ ಮಗಳು ಮೊಬೈಲಿನಲ್ಲಿ ನನ್ನ ಬ್ಲಾಗು ಕಂಡು, ಅವ್ವನ ಹೆಸರು ಗುರುತು ಹಿಡಿದು, ಎಲ್ಲ ಓದಿ ಹೇಳಿದಳಂತೆ. ಬ್ಲಾಗಿನಲ್ಲೇ ಬರೆದು ನನ್ನ ನಂಬರು ಕೇಳಿ ಪಡೆದಳು. ಒಂದು ಸಂಜೆ ಫೋನಿನಲ್ಲಿ ಗೌರಕ್ಕನೇ ಮಾತಾಡಿದಳು.

"ಎಲ್ಲಾ ಕೇಳಿದ್ನೆವಾ. ಛಲೋ ಬರದೀ."

"ಬೈ ಅಕ್ಕಾ. ಏನ ತಪ್ಪೈತಿ ಹೇಳು."



"ತಪ್ಪೇನಿಲ್ಲ ಬಿಡು. ನೀ ಬರದದ್ರಾಗ ನಾ ಇನ್ನಾ ಆ ಮನ್ಯಾಗ ನಿಂತ ನಗಾಕತ್ತೇನಿ. ನಮ್ಮ ಮನಿಯವ್ರು ತೀರಿಕೊಂಡು ವರ್ಷದ ಮ್ಯಾಲಾತು. ಅದು ನಿನಗ ಗೊತ್ತೈತೇನು?"

ಗೊತ್ತಿರಲಿಲ್ಲ. ಅವಳಿಗಾಗಿ ಅಷ್ಟು ಬರೆದರೂ ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಅಳು ಬಂತು. ಮರುದಿನವೇ ಬಸ್ಸು ಹತ್ತಿ ಹೋದೆ. ಅವಳ ಕೂದಲು ಬೆಳ್ಳಗಾಗಿತ್ತು, ದನಿ ಮೆತ್ತಗಾಗಿತ್ತು. ನಾನು ಬರೆದ ಗೌರಕ್ಕ ಅಲ್ಲಿರಲಿಲ್ಲ. ಅಲ್ಲಿದ್ದವಳನ್ನು ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕಾಯಿತು.

ಬ್ಲಾಗು ಮೂಲೆಗೆ ಬಿದ್ದು ಬಹಳ ದಿನವಾಯಿತು. ಇವತ್ತು ಪಲ್ಯದ ಬಟ್ಟಲು ಕೆಳಗಿಟ್ಟು ಗೌರಕ್ಕನಿಗೆ ಫೋನು ಹಚ್ಚಿದಾಗ ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಹೇಳಲಿಲ್ಲ.

"ಅಕ್ಕಾ, ಇವತ್ತ ಏನ ಉಂಡಿ?"

"ಮಗಳು ಸಾಲಿಗಿ ಹ್ವಾದ ಮ್ಯಾಲ ಒಬ್ಬಾಕಿಗಿ ಏನ ಒಲಿ ಹಚ್ಚೂದವಾ."

"ಇಬ್ಬರಿಗಿ ಹಚ್ಚು," ಎಂದೆ. "ಬರಾಕತ್ತೇನಿ."