ಅಡಿಯ ಚೀಟಿ

ಆ ಸಣ್ಣ ಆಸ್ಪತ್ರೆಯ ಬಾಗಿಲಲ್ಲಿ ಮೂವತ್ತು ವರ್ಷ ಚೀಟಿ ಕೊಟ್ಟವಳನ್ನು ಎಲ್ಲರೂ ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಕೆಟ್ಟವಳಲ್ಲ, ಬಾಯಿ ಜೋರು ಅಷ್ಟೇ. ಜ್ವರದ ಮಗು ಬಂದರೆ ತಾನೇ ಎತ್ತಿಕೊಂಡು ಒಳಗೆ ಓಡುವಳು. ಮುದುಕರು ಬಂದರೆ ಮಾತ್ರ ಏನು ನೋವೆಂದೂ ಕೇಳದೆ ಕಟ್ಟಿನ ಅಡಿಯಿಂದ ಚೀಟಿ ಎಳೆದು ಕೊಡುವಳು. ಅಡಿಯ ಚೀಟಿ ಎಂದರೆ ನಲವತ್ತರ ಮೇಲಿನ ನಂಬರು, ಮಧ್ಯಾಹ್ನದವರೆಗೆ ಬೆಂಚು. ಡಾಕ್ಟರೂ ಬೇಡ ಎನ್ನಲಿಲ್ಲ.

"ಎದೆ ಹಿಡಿದಂಗಾಗುತ್ತಮ್ಮ," ಎಂದು ಯಾರಾದರೂ ಮುದುಕ ಅಂದರೆ, "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ. ವಯಸ್ಸಿಗೆ ಮದ್ದಿದೆಯಾ ತಾತ? ಕೂತ್ಕೊಳ್ಳಿ," ಎಂದು ನಗಿಸಿ ಕೂರಿಸುವಳು. ಅವರೂ ನಗುತ್ತಿದ್ದರು. ನಗದೆ ಏನು ಮಾಡಿಯಾರು? ಕೆಲವರು ಕಾದು ಕಾದು ಎದ್ದು ಮನೆಗೆ ಹೋದರು. ಅವರು ಆಮೇಲೆ ಏನಾದರೆಂದು ಅವಳು ಕೇಳಿದವಳಲ್ಲ.

ಅರವತ್ತು ತುಂಬಿದ ಮೇಲೆ ಚೀಟಿಯಕ್ಕ ತನಗೂ ಅದೇ ಮಾತು ಹೇಳಿಕೊಳ್ಳತೊಡಗಿದಳು. ಸಂಜೆಯ ನಡಿಗೆ ಬಿಟ್ಟಳು. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, ವಯಸ್ಸು. ರಾತ್ರಿ ನಿದ್ದೆ ಬಾರದಿದ್ದರೆ, ಅದೂ ವಯಸ್ಸು. ಜೊತೆಗಿದ್ದ ತಂಗಿ, "ಡಾಕ್ಟ್ರು ಪಕ್ಕದಲ್ಲೇ ಇರ್ತಾರೆ, ಒಂದ್ಸಲ ತೋರಿಸಕ್ಕ," ಎಂದು ಗೋಗರೆದಳು.

"ಮುದುಕಿ ಆದೆ ಕಣೆ. ಇನ್ನೇನು ತೋರಿಸೋದು," ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಹಣೆಬರಹವಲ್ಲ ಅದು, ಶುದ್ಧ ಮೊಂಡುತನ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆ ಸೋಮವಾರ ಬಾಗಿಲು ತೆರೆಯುವಾಗಲೇ ಎಡಗೈ ಸೆಳೆಯುತ್ತಿತ್ತು, ಮೈ ಬೆವರುತ್ತಿತ್ತು. ಹತ್ತೇ ಹೆಜ್ಜೆಗೆ ಡಾಕ್ಟರ ಕುರ್ಚಿ. ಅವಳಿಗೆ ಭಯವಾಯಿತು. ಆದರೆ ಮಕ್ಕಳು ಮರಿ ಕಾದಿರುವಾಗ ಮುದುಕಿಯೊಬ್ಬಳು ಮುಂದೆ ನುಗ್ಗುವುದೆಂದರೆ ಭಯಕ್ಕಿಂತ ನಾಚಿಕೆಯೇ ದೊಡ್ಡದಾಯಿತು. ಕಟ್ಟಿನ ಅಡಿಯಿಂದ ತನಗೂ ಒಂದು ಚೀಟಿ ಎಳೆದುಕೊಂಡಳು. ನಲವತ್ತಾರು. ಅದನ್ನು ಮುಷ್ಟಿಯಲ್ಲಿ ಹಿಡಿದು ತನಗಿಂತ ಮುಂಚಿನ ನಂಬರಿನವರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸಿದಳು.

ಒಂದೂವರೆಗೆ ಗೋಡೆ ಹಿಡಿದು ತಾನೇ ಒಳಗೆ ಹೋದಳು. ಡಾಕ್ಟರು ನಾಡಿ ಮುಟ್ಟಿದವರೇ ಎದ್ದುನಿಂತರು.

"ಯಾವಾಗಿಂದ ಈ ನೋವು?"

"ಬೆಳಿಗ್ಗೆಯಿಂದ."

"ಬೆಳಿಗ್ಗೆಯಿಂದ ಬಾಗಿಲಲ್ಲೇ ಇದ್ರಲ್ಲಕ್ಕ. ಯಾಕೆ ಹೇಳ್ಲಿಲ್ಲ?"

ಚೀಟಿಯಕ್ಕ ಮುಷ್ಟಿ ಬಿಚ್ಚಿ ಬೆವರಿಗೆ ಮೆತ್ತಗಾದ ಚೀಟಿ ತೋರಿಸಿದಳು. "ನನ್ನ ನಂಬರು ಈಗ ಬಂತು."

ದೊಡ್ಡಾಸ್ಪತ್ರೆಯ ಗಾಡಿ ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಹೊರಗೆ ಬೆಂಚಿನ ಮೇಲೆ ನಲವತ್ತೇಳು, ನಲವತ್ತೆಂಟನೆಯ ಚೀಟಿ ಹಿಡಿದ ಇಬ್ಬರು ಮುದುಕರು, ಯಾರಾದರೂ ಕರೆದಾರೆಂದು ಕೂತೇ ಇದ್ದರು.